ಕೈ ಕಲಿತದ್ದು ಎಲ್ಲಿಗೆ ಹೋಗುತ್ತದೆ?

ಹೊಸ ಯಂತ್ರವೊಂದು ಊರಿಗೆ ಕಾಲಿಟ್ಟಾಗ ನಾವೆಲ್ಲ ಕೇಳುವ ಪ್ರಶ್ನೆ ಒಂದೇ: ಜನ ಇದಕ್ಕೆ ಹೊಂದಿಕೊಳ್ಳುತ್ತಾರೆಯೇ? ಆ ಪ್ರಶ್ನೆಯೊಳಗೇ ಒಂದು ತೀರ್ಪು ಕೂತಿದೆ. ಯಂತ್ರ ತನ್ನ ಜಾಗದಲ್ಲಿ ನೆಟ್ಟಗೆ ನಿಂತಿರುತ್ತದೆ, ಬಗ್ಗಬೇಕಾದವನು ಮನುಷ್ಯ. ಬೇಗ ಬಗ್ಗಿದವನನ್ನು ಜಾಣನೆನ್ನುತ್ತೇವೆ, ತಡಮಾಡಿದವನನ್ನು ಹಳೆಯ ಕಾಲದವನೆಂದು ಪಕ್ಕಕ್ಕೆ ಕೂರಿಸುತ್ತೇವೆ. ಕೈಯಿಂದ ಮಾಡುತ್ತಿದ್ದ ಕೆಲಸವನ್ನು ಬಿಟ್ಟುಕೊಟ್ಟವನು ಬಿಟ್ಟದ್ದೇನು, ಉಳಿಸಿಕೊಂಡದ್ದೇನು ಎಂದು ಮಾತ್ರ ನಾವು ಕೇಳುವುದು ಅಪರೂಪ. ಯಂತ್ರದ ಕಡೆಯಿಂದ ನೋಡಿದರೆ ಇನ್ನೊಂದು ಪ್ರಶ್ನೆಯೂ ಉಂಟು: ಅದು ಜನಕ್ಕೆ ಎಷ್ಟು ಹೊಂದಿಕೊಂಡಿತು? ಅದನ್ನು ತಮ್ಮ ಅಳತೆಗೆ ತಿದ್ದಿಕೊಳ್ಳಲು ಜನರಿಗೆ ಎಷ್ಟು ಎಡೆ ಸಿಕ್ಕಿತು?

ಈ ವಿಚಾರವನ್ನು ತೂಗಿ ನೋಡಲು ವಿಶಾಖಪಟ್ಟಣದ ಕಡಲು ಮತ್ತು ವಿಜಯವಾಡದ ಕೃಷ್ಣೆ ಒಳ್ಳೆಯ ಜಾಗಗಳು. ಒಂದು ಬಂದರಿನ ಊರು, ಇನ್ನೊಂದು ಅಣೆಕಟ್ಟೆಯ ಊರು. ನೀರನ್ನು ನಂಬಿ ಬದುಕಿದವರ ಕೈಗೆ ಎರಡೂ ಕಡೆ ತಲೆಮಾರಿಗೊಂದರಂತೆ ಹೊಸ ಸಾಧನ ಬಂದು ಬಿದ್ದಿದೆ. ಕನ್ನಡಿಗರಾದ ನಮಗೆ ಇವು ದೂರದ ಊರುಗಳೂ ಅಲ್ಲ. ಮಲೆನಾಡಿನ ತುಂಗೆ, ಭದ್ರೆಯರ ನೀರು ಹೊಸಪೇಟೆಯ ಬಳಿ ಒಂದಿಷ್ಟು ತಂಗಿ, ಮುಂದೆ ಕೃಷ್ಣೆಯನ್ನು ಕೂಡಿಕೊಂಡು, ವಿಜಯವಾಡದ ಪ್ರಕಾಶಂ ಬ್ಯಾರೇಜಿನ ಗೇಟುಗಳಡಿಯಿಂದಲೇ ಕಡಲಿಗೆ ಇಳಿಯಬೇಕು. ಈ ನೀರಿನ ನಂಟು ಮುಂದೆ ಕೆಲಸಕ್ಕೆ ಬರುತ್ತದೆ.

ಮೊದಲು ತೆಪ್ಪದ ಮಾತು. ಆಂಧ್ರದ ಉತ್ತರ ಕರಾವಳಿಯಲ್ಲಿ ಅಲೆ ನೇರವಾಗಿ ದಂಡೆಗೆ ಅಪ್ಪಳಿಸುತ್ತದೆ. ನಮ್ಮ ಮಲ್ಪೆ, ಗಂಗೊಳ್ಳಿಗಳಲ್ಲಿರುವಂತೆ ದೋಣಿಗೆ ಆಸರೆ ಕೊಡುವ ಅಳಿವೆಗಳು ಅಲ್ಲಿ ಕಡಿಮೆ. ಆದ್ದರಿಂದ ಅಲ್ಲಿಯ ಮೀನುಗಾರರು ಹಗುರ ಮರದ ದಿಮ್ಮಿಗಳನ್ನು ಕೆತ್ತಿ, ಹಗ್ಗದಿಂದ ಬಿಗಿದು, ತೆಪ್ಪ ಕಟ್ಟಿಕೊಂಡರು. ಅದಕ್ಕೆ ಒಳಗು ಎಂಬುದೇ ಇಲ್ಲ. ಮೇಲೆ ಸುರಿದ ನೀರು ದಿಮ್ಮಿಗಳ ಸಂದಿನಿಂದ ಇಳಿದುಹೋಗುತ್ತದೆ. ಮುಳುಗುವ ಮಾತೇ ಇಲ್ಲ. ಮಗುಚಿದರೆ ತಿರುವಿ ಹಾಕಿ ಮತ್ತೆ ಹತ್ತಬಹುದು. ದಂಡೆಗೆ ಬಂದ ಮೇಲೆ ಹಗ್ಗ ಬಿಚ್ಚಿ ದಿಮ್ಮಿಗಳನ್ನು ಬಿಡಿಬಿಡಿಯಾಗಿ ಹೊತ್ತು ಒಣಹಾಕಬಹುದು. ಅಕ್ಷರ ಬಲ್ಲವರು ಇದನ್ನು ಬಹುಕಾಲ ಬಡವರ ದೋಣಿ ಎಂದೇ ಕಂಡರು. ಆದರೆ ಆ ಅಲೆಗೆ ಅದಕ್ಕಿಂತ ಸರಿಯಾದ ಉತ್ತರ ಬೇರೆ ಯಾರಿಗೂ ಸುಲಭವಾಗಿ ಹೊಳೆಯಲಿಲ್ಲ.

ತೆಪ್ಪದ ಮೇಲೆ ನಿಂತವನಿಗೆ ನಕ್ಷೆ ಇರಲಿಲ್ಲ, ಬೆಟ್ಟಗಳಿದ್ದವು. ವಿಶಾಖಪಟ್ಟಣದ ಬಂದರಿನ ಬಾಯಲ್ಲಿ ಚಾಚಿಕೊಂಡಿರುವ ಡಾಲ್ಫಿನ್ಸ್ ನೋಸ್ ಗುಡ್ಡದಂಥ ಒಂದು ಗುರುತನ್ನು ಅದರ ಹಿಂದಿನ ಇನ್ನೊಂದು ಗುರುತಿಗೆ ಕಣ್ಣಳತೆಯಲ್ಲೇ ಕೂಡಿಸಿ ಒಂದು ಗೆರೆ. ದಂಡೆಯ ಇನ್ನೊಂದು ಮಗ್ಗುಲಲ್ಲಿ ಅಂಥದೇ ಮತ್ತೊಂದು ಗೆರೆ. ಎರಡೂ ಗೆರೆ ಕೂಡುವಲ್ಲಿ ಬಲೆ. ಅಪ್ಪ ಮಗನಿಗೆ ತೋರಿಸಿಕೊಡುತ್ತಿದ್ದ ಆಸ್ತಿ ಅದು. ನೀರಿನ ಬಣ್ಣ, ಸೆಳೆತದ ದಿಕ್ಕು, ಹಕ್ಕಿಯ ಹಾರಾಟ ಇವೆಲ್ಲ ಅದೇ ಪಾಠದ ಮುಂದಿನ ಪುಟಗಳು.

ಆಮೇಲೆ ಬಂದವುಗಳನ್ನು ನಾವೆಲ್ಲ ಬಲ್ಲೆವು. ನೈಲಾನ್ ಬಲೆ ಬಂತು, ಹಿಂಬದಿಗೆ ಕಟ್ಟುವ ಮೋಟಾರು ಬಂತು, ಫೈಬರ್ ಬಂತು, ಜಿಪಿಎಸ್ ಬಂತು, ಮೊಬೈಲು ಬಂತು. ಹೈದರಾಬಾದಿನಲ್ಲಿ 1999ರಲ್ಲಿ ನೆಲೆಗೊಂಡ ರಾಷ್ಟ್ರೀಯ ಸಾಗರ ಮಾಹಿತಿ ಕೇಂದ್ರ ಇನ್‌ಕಾಯಿಸ್, ಉಪಗ್ರಹ ಕಂಡ ನೀರಿನ ಬಿಸಿ ಮತ್ತು ಬಣ್ಣವನ್ನು ಓದಿ, ಇಂಥ ಕಡೆ ಮೀನು ಸಿಗಬಹುದೆಂದು ದಂಡೆಗೆ ಸುದ್ದಿ ಕಳಿಸುತ್ತದೆ. ಕುತೂಹಲದ ಸಂಗತಿಯೆಂದರೆ, ಉಪಗ್ರಹವೂ ನೋಡುವುದು ನೀರಿನ ಬಣ್ಣವನ್ನೇ. ತೆಪ್ಪದ ಅಜ್ಜ ನೋಡುತ್ತಿದ್ದದ್ದೂ ಅದನ್ನೇ, ತುಸು ತಗ್ಗಿನಲ್ಲಿ ನಿಂತು.

ಇಷ್ಟೆಲ್ಲ ಬಂದಾಗ ತೆಪ್ಪ ಏನಾಯಿತು? ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1979ರಲ್ಲಿ ಮದರಾಸಿನಲ್ಲಿ ನೆಲೆ ಮಾಡಿ ಬಂಗಾಳ ಕೊಲ್ಲಿ ಕಾರ್ಯಕ್ರಮ ಶುರುಮಾಡಿತು. ಅಲೆ ದಾಟಿ ದಂಡೆಗೆ ಏರಬಲ್ಲ ಹೊಸ ದೋಣಿಗಳನ್ನು ಅದರ ಪರಿಣತರು ಶ್ರದ್ಧೆಯಿಂದಲೇ ರೂಪಿಸಿ ಪ್ರಯೋಗಿಸಿದರು. ಆದರೆ ಕೊನೆಗೆ ಆ ದಂಡೆಯಲ್ಲಿ ಊರಿಕೊಂಡವುಗಳಲ್ಲಿ ಫೈಬರ್ ತೆಪ್ಪವೂ ಒಂದು. ಅಚ್ಚು ಹೊಸದು, ಒಳಗೆ ತೇಲಿಸುವ ಹಗುರ ತುಂಬು ಹೊಸದು, ಮೋಟಾರು ಹೊಸದು; ಆಕಾರ ಮಾತ್ರ ಹಳೆಯ ದಿಮ್ಮಿಗಳದೇ. ತಗ್ಗಿನ, ಚಪ್ಪಟೆ ಮೈ. ಮೇಲೆ ಬಿದ್ದ ನೀರು ಜಾರಿಹೋಗುವ ಬೆನ್ನು. ಮರ ಹೋಗಿ ಫೈಬರ್ ಬಂದರೂ ಅಲೆಯ ಜತೆಗಿನ ಹಳೆಯ ಒಪ್ಪಂದ ಮುರಿಯಲಿಲ್ಲ. ಇಲ್ಲಿ ಯಾರು ಯಾರಿಗೆ ಹೊಂದಿಕೊಂಡರು? ಮೀನುಗಾರ ಫೈಬರಿಗೋ, ಫೈಬರ್ ಮೀನುಗಾರನಿಗೋ?

ನಮಗೆ ತೋರುವ ಮಟ್ಟಿಗೆ, ಒಳ್ಳೆಯ ಹೊಂದಾಣಿಕೆಯ ಗುರುತೇ ಇದು. ಹಳೆಯ ಕೆಲಸ ಮಾಡಿದವನ ತಿಳಿವಳಿಕೆ ಹೊಸ ಸಾಧನದ ಮೈಯಲ್ಲಿ ಎಲ್ಲಾದರೂ ಉಳಿದಿರಬೇಕು. ಒರಳುಕಲ್ಲು ಬಿಟ್ಟು ಗ್ರೈಂಡರಿಗೆ ಬಂದ ನಮ್ಮ ಮನೆಗಳ ಹಿರಿಯ ಹೆಂಗಸರು ಇಂದಿಗೂ ಹಿಟ್ಟನ್ನು ಬೆರಳಲ್ಲಿ ಮುಟ್ಟಿ ನೋಡದೆ ಗುಂಡಿ ಆರಿಸುವುದಿಲ್ಲ. ತೋಳಿನ ದಣಿವನ್ನು ಯಂತ್ರಕ್ಕೆ ಕೊಟ್ಟರು. ಸಾಕೋ ಬೇಕೋ ಎಂಬ ತೀರ್ಮಾನವನ್ನು ಕೊಡಲಿಲ್ಲ. ಜಿಪಿಎಸ್ ಹಿಡಿದ ಮೀನುಗಾರನೂ ಬೆಟ್ಟದ ಕಡೆ ಒಮ್ಮೆ ಕಣ್ಣು ಹಾಯಿಸುವಷ್ಟು ದಿನ ಆ ಜಿಪಿಎಸ್ ಅವನ ಆಳಾಗಿರುತ್ತದೆ. ಬೆಟ್ಟ ಮರೆತ ದಿನ ಸಂಬಂಧ ತಿರುಗಿಬೀಳುತ್ತದೆ.

ಹಳೆಯದನ್ನು ಹೀಗೆ ಮೆಚ್ಚುವಾಗ ನಾವು ತುಸು ಎಚ್ಚರವಾಗಿಯೂ ಇರಬೇಕು. ವಯಸ್ಸಾದವರಿಗೆ ಹಿಂದಿನದೆಲ್ಲ ಚಿನ್ನವಾಗಿ ಕಾಣುವ ಕಾಯಿಲೆ ಇದೆ. ಈ ಬರಹಕ್ಕೂ ಅದು ತಗಲಬಾರದು. 1977ರ ನವೆಂಬರ್ 19ರಂದು ವಿಜಯವಾಡಕ್ಕೆ ಕೆಳಗಿನ ದಿವಿಸೀಮೆಯ ಮೇಲೆ ಚಂಡಮಾರುತ ಬಿದ್ದಾಗ ಸತ್ತವರು ಹತ್ತು ಸಾವಿರಕ್ಕೂ ಹೆಚ್ಚು. ಗಾಳಿಯ ವಾಸನೆ ಹಿಡಿದು ಮಳೆ ಹೇಳಬಲ್ಲ ಮುದುಕರು ಅಲ್ಲಿಯೂ ಇದ್ದರು. ಕಡಲೇ ಎದ್ದು ಬಂದಾಗ ಆ ತಿಳಿವಳಿಕೆ ಸಾಲಲಿಲ್ಲ. 2014ರ ಅಕ್ಟೋಬರ್ 12ರಂದು ಹುದ್‌ಹುದ್ ಚಂಡಮಾರುತ ನೇರವಾಗಿ ವಿಶಾಖಪಟ್ಟಣದ ಮೇಲೆಯೇ ಬಂತು. ಊರಿನ ಮರಗಳೆಲ್ಲ ಮಲಗಿದವು, ವಿಮಾನ ನಿಲ್ದಾಣದ ಮಾಡು ಹಾರಿತು. ಆದರೂ ಆಂಧ್ರದಲ್ಲಿ ಸತ್ತವರ ಸಂಖ್ಯೆ ನೂರರೊಳಗೆ ನಿಂತಿತು. ಉಪಗ್ರಹ, ರಾಡಾರು, ಗಣಕಯಂತ್ರ ಇವುಗಳಿಗೆ ಕೈಮುಗಿಯದೆ ಈ ಎರಡು ಸಂಖ್ಯೆಗಳನ್ನು ಅಕ್ಕಪಕ್ಕ ಇಡಲು ಯಾರಿಗೆ ಸಾಧ್ಯ?

ಆದರೆ ಅಲ್ಲಿಯೂ ಒಂದು ಮಾತು ಉಳಿಯುತ್ತದೆ. ಚಂಡಮಾರುತ ಹುಡುಕುವ ರಾಡಾರು ವಿಶಾಖಪಟ್ಟಣಕ್ಕೆ ಬಂದದ್ದು 1970ರಲ್ಲಿ, ದಿವಿಸೀಮೆಯ ದುರಂತಕ್ಕೆ ಮೊದಲೇ. ಯಂತ್ರದ ಕಣ್ಣಿತ್ತು, ಆ ಕಣ್ಣು ಕಂಡದ್ದನ್ನು ಗುಡಿಸಲಿನ ತನಕ ಒಯ್ಯುವ ದಾರಿ ಇರಲಿಲ್ಲ, ಗುಡಿಸಲು ಬಿಟ್ಟು ಬಂದವರಿಗೆ ಗಟ್ಟಿ ಮಾಡು ಇರಲಿಲ್ಲ. ಮುಂದಿನ ಮೂವತ್ತೇಳು ವರ್ಷ ಕಟ್ಟಿದ್ದು ಆ ದಾರಿಯನ್ನು: ಆಸರೆ ಕಟ್ಟಡಗಳು, ಊರೂರಿಗೆ ಸುದ್ದಿ ಮುಟ್ಟಿಸುವ ಜನ, ಕರೆದರೆ ಎದ್ದು ಹೊರಡುವ ಅಭ್ಯಾಸ. ಯಂತ್ರಕ್ಕೂ ಬದುಕಿಗೂ ನಡುವಿನ ಈ ಹೊಲಿಗೆಗೆ ನಾವು ಸಾಮಾನ್ಯವಾಗಿ ಹೆಸರಿಡುವುದಿಲ್ಲ, ಹಣವನ್ನೂ ಇಡುವುದಿಲ್ಲ.

ಹೊಂದಿಕೊಳ್ಳುವುದಕ್ಕೆ ಎಡೆಯೇ ಸಿಗದವರ ಕಥೆ ಬೇರೆ. ವಿಶಾಖಪಟ್ಟಣದ ಬಂದರು ಹಡಗಿಗೆ ಬಾಯಿ ತೆರೆದದ್ದು 1933ರ ಅಕ್ಟೋಬರ್ 7ರಂದು, ‘ಜಲದುರ್ಗಾ’ ಎಂಬ ಹಡಗು ಒಳಬಂದಾಗ. ಅದಕ್ಕೆ ಮೊದಲು ಹಡಗುಗಳು ದೂರದ ಆಳದಲ್ಲಿ ಲಂಗರು ಹಾಕಿ ನಿಲ್ಲುತ್ತಿದ್ದವು. ಸರಕನ್ನೂ ಜನರನ್ನೂ ದಂಡೆಗೆ ತರುತ್ತಿದ್ದದ್ದು ಮಸೂಲ ದೋಣಿಗಳು. ಮೊಳೆ ಹೊಡೆಯದೆ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದ ದೋಣಿ ಅದು. ಅಲೆಯ ಪೆಟ್ಟಿಗೆ ಮುರಿಯುವ ಬದಲು ಬಾಗುತ್ತಿತ್ತು. ಬಂದರಿನೊಳಗಿನ ನಿಶ್ಚಲ ನೀರಿನಲ್ಲಿ ಆ ದೋಣಿಗೂ ಅದನ್ನು ನಡೆಸುವ ಕೌಶಲಕ್ಕೂ ಏನು ಕೆಲಸ? ಅಲೆಯನ್ನು ದಾಟುವುದನ್ನು ಕಲಿತವರಿಗೆ ಅಲೆಯೇ ಇಲ್ಲದಂತಾಯಿತು. ಅವರಲ್ಲಿ ಯಾರು ಎಲ್ಲಿಗೆ ಹೋದರೆಂದು ಬಂದರಿನ ಚರಿತ್ರೆ ಬರೆದವರು ಬರೆದಿಡುವುದಿಲ್ಲ. ಎಂಜಿನಿಯರುಗಳ ಹೆಸರು ಉಳಿದಿದೆ.

ಅದೇ ಬಂದರಿನಲ್ಲಿ ಮುಂದೆ ಅದಿರಿನ ಸರದಿ. ಬೈಲಾಡಿಲದ ಬೆಟ್ಟಗಳಿಂದ ಜಪಾನಿನ ಉಕ್ಕಿನ ಕುಲುಮೆಗಳಿಗೆ ಕಬ್ಬಿಣದ ಅದಿರು ಹೊರಟಾಗ ಮನುಷ್ಯರ ಕೈ ತುಂಬಿಸುವ ವೇಗ ಯಾರಿಗೂ ಸಾಲಲಿಲ್ಲ. 1965ರಲ್ಲಿ ಯಂತ್ರವೇ ಅದಿರನ್ನು ಸುರಿಯುವ ಏರ್ಪಾಡು ಬಂತು. 1976ರಲ್ಲಿ ದೊಡ್ಡ ಹಡಗುಗಳಿಗಾಗಿ ಹೊರಬಂದರು ಬಂತು. ಈ ಶತಮಾನದ ಮೊದಲ ವರ್ಷಗಳಲ್ಲಿ ಕಂಟೇನರ್ ಟರ್ಮಿನಲ್. ಬಂದರಿನ ದಿನಗೂಲಿಯವರಿಗೆ ಕೆಲಸದ ಭದ್ರತೆ ಕೊಡಲೆಂದು 1948ರಲ್ಲೇ ಕಾನೂನಾಗಿತ್ತು, ಅದರಡಿ ವಿಶಾಖಪಟ್ಟಣದಲ್ಲೂ ಡಾಕ್ ಲೇಬರ್ ಬೋರ್ಡು ಬಂದಿತ್ತು. ಆ ಮಂಡಳಿಗಳ ಬಗ್ಗೆ ದೂರುಗಳಿವೆ: ಕೆಲಸವಿಲ್ಲದೆ ಹಾಜರಿ, ಬೇಕಾದ್ದಕ್ಕಿಂತ ಹೆಚ್ಚು ಜನ. ಇರಬಹುದು. ಆದರೂ ಒಂದು ವಿಚಾರದಲ್ಲಿ ಅವು ನಮಗಿಂತ ಮುಂದಿದ್ದವು ಎನಿಸುತ್ತದೆ. ಯಂತ್ರ ಬಂದಾಗ ಆಗುವ ನಷ್ಟ ಒಬ್ಬೊಬ್ಬ ಕೂಲಿಯ ಸ್ವಂತ ದುರದೃಷ್ಟವಲ್ಲ, ಇಡೀ ಬಂದರು ಹಂಚಿಕೊಳ್ಳಬೇಕಾದ ಖರ್ಚು ಎಂದು ಅವು ಕಾಗದದ ಮೇಲಾದರೂ ಒಪ್ಪಿದ್ದವು. ಇಂದು ಅಷ್ಟನ್ನು ಒಪ್ಪುವವರು ಎಷ್ಟು ಮಂದಿ?

ಈ ಖರ್ಚನ್ನು ಹಂಚಿಕೊಳ್ಳದೆ ಹೋದರೆ ಏನಾಗುತ್ತದೆಂದು ತಿಳಿಯಲು ನಮ್ಮ ಕರಾವಳಿಗೇ ಬರಬಹುದು. ರಂಪಣಿ ಬಲೆ ಎಳೆಯಲು ಊರೇ ಬೇಕಾಗುತ್ತಿತ್ತು. ಮನೆಗೊಂದು ತುಂಡು ಬಲೆ ತಂದು ಕೂಡಿಸಿ, ದೋಣಿಯಲ್ಲಿ ಒಯ್ದು ಮೀನಿನ ಹಿಂಡಿಗೆ ಸುತ್ತು ಹಾಕಿ, ಎರಡು ಬದಿಯ ಹಗ್ಗ ಹಿಡಿದು ಹತ್ತಾರು ಜನ ಬಂಗುಡೆಯನ್ನೂ ಬೂತಾಯಿಯನ್ನೂ ದಂಡೆಗೆ ಎಳೆಯುತ್ತಿದ್ದರು. ಬಲೆಗೆ ಪಾಲು, ದುಡಿಮೆಗೆ ಪಾಲು. ಹಗ್ಗಕ್ಕೆ ಕೈಹಚ್ಚಿದ ಮುದುಕನಿಗೂ ಹುಡುಗನಿಗೂ ಒಂದು ಹೊತ್ತಿನ ಸಾರಿಗಾಗುವಷ್ಟು ಮೀನು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬೋಟುಗಳು ಬಂದವು. ದಂಡೆಗೆ ಬರಬೇಕಿದ್ದ ಹಿಂಡನ್ನು ಕಡಲಲ್ಲೇ ಸುತ್ತಿ ಎತ್ತಿದವು. ಕೆಲವೇ ವರ್ಷಗಳಲ್ಲಿ, ಜಗಳ ಹೊಡೆದಾಟಗಳ ನಡುವೆ, ರಂಪಣಿ ಮಡಚಿ ಅಟ್ಟ ಸೇರಿತು.

ರಂಪಣಿಯವರು ಸೋತು ಸುಮ್ಮನಾದರೇ? ಹಾಗೇನಿಲ್ಲ. ಕೆಲವರು ಗುಂಪುಗೂಡಿ ತಾವೇ ಪರ್ಸೀನ್ ಬೋಟು ಕೊಂಡರು. ಹಗ್ಗ ಎಳೆಯುವಾಗ ಕಲಿತಿದ್ದ ಪಾಲುಗಾರಿಕೆ ಬೋಟು ಕೊಳ್ಳುವಾಗ ಒದಗಿ ಬಂತು. ಇದನ್ನೂ ಹೊಂದಾಣಿಕೆ ಎನ್ನಲೇಬೇಕು, ಜಾಣ ಹೊಂದಾಣಿಕೆಯೇ. ಆದರೆ ಪಾಲಿನ ಹಣ ಹೊಂದಿಸಲಾಗದವರು? ಒಂದು ಹೊತ್ತಿನ ಸಾರಿಗೆ ಹಗ್ಗ ಮುಟ್ಟುತ್ತಿದ್ದ ಆ ಮುದುಕ? ಅವನಿಗೆ ಬೋಟಿನಲ್ಲಿ ಜಾಗವಿಲ್ಲ. ಮಳೆಗಾಲದಲ್ಲಿ ಉಡುಪಿಯ ದಂಡೆಗಳಲ್ಲಿ ಈಗಲೂ ಕೈರಂಪಣಿ ಎಳೆಯುವುದನ್ನು ನೋಡಬಹುದು. ಜನ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. ನೋಡಲು ಚೆಂದ.

ನಮ್ಮ ಕರಾವಳಿಯಲ್ಲಿ ಐವತ್ತು ವರ್ಷಗಳ ಹಿಂದೆ ನಡೆದದ್ದು ಅಲ್ಲಿಗೇ ಮುಗಿಯಲಿಲ್ಲ. 2022ರ ಜನವರಿಯಲ್ಲಿ ವಿಶಾಖಪಟ್ಟಣದ ಕಡಲಲ್ಲಿ, ಪರ್ಸೀನಿನಂತೆಯೇ ಹಿಂಡನ್ನು ಸುತ್ತುವ ರಿಂಗ್ ಬಲೆಯ ವಿಷಯಕ್ಕೆ ಅಕ್ಕಪಕ್ಕದ ಮೀನುಗಾರರ ಕೇರಿಗಳೇ ಎದುರಾಬದುರಾಗಿ, ದೋಣಿಗಳಿಗೆ ಬೆಂಕಿ ಬಿತ್ತು. ಹೊಡೆದಾಡಿದವರು ಬೇರೆ ಬೇರೆ ಜನವಲ್ಲ. ಒಂದೇ ಕಸುಬು, ಒಂದೇ ಕಡಲು, ಅಜ್ಜಂದಿರ ಕಾಲದಲ್ಲಿ ಒಂದೇ ಬಗೆಯ ತೆಪ್ಪ. ಸಾಧನ ಕೆಲವರ ಕೈಗೆ ಮೊದಲು ಬಂತು, ಉಳಿದವರ ಪಾಲು ಅಷ್ಟು ಕುಗ್ಗಿತು. ಪತ್ರಿಕೆಗಳು ಇದನ್ನು ಗುಂಪು ಘರ್ಷಣೆ ಎಂದು ಬರೆದವು. ಯಂತ್ರದ ಲೆಕ್ಕವನ್ನು ಯಾರೂ ಕೂತು ಬಗೆಹರಿಸದೆ ಹೋದಾಗ ಅದು ಹೀಗೆ ಅಣ್ಣತಮ್ಮಂದಿರ ನಡುವಿನ ಲೆಕ್ಕವಾಗಿ ಬದಲಾಗುತ್ತದೆ.

ಇನ್ನೂ ಸಣ್ಣದಾಗಿ ಕಾಣುವ, ಆದರೆ ಮನಸ್ಸಿನಿಂದ ಹೋಗದ ಒಂದು ಸಂಗತಿಯಿದೆ. ರೇಷನ್ ಅಂಗಡಿಯಲ್ಲಿ ಬೆರಳಚ್ಚು ಪಡೆದು ಅಕ್ಕಿ ಕೊಡುವ ಪದ್ಧತಿಯನ್ನು ಮೊದಮೊದಲು ತಂದ ರಾಜ್ಯಗಳಲ್ಲಿ ಆಂಧ್ರವೂ ಒಂದು; ನಮ್ಮಲ್ಲೂ ಬಂತು. ಕಳ್ಳ ಲೆಕ್ಕಗಳಿಗೆ ಕಡಿವಾಣ ಬಿತ್ತು, ನಿಜ. ಆದರೆ ಆ ಗಾಜಿನ ಮೇಲೆ ಬೆರಳಿಟ್ಟರೆ ಗುರುತು ಮೂಡದ ಜನರು ಯಾರು? ಬಲೆ ಎಳೆದವರು, ಇಟ್ಟಿಗೆ ಹೊತ್ತವರು, ಸುಣ್ಣ ಕಲಸಿದವರು, ಪಾತ್ರೆ ತಿಕ್ಕಿದವರು, ಮತ್ತು ವಯಸ್ಸಾದವರು. ಕೈಯಿಂದ ದುಡಿದೂ ದುಡಿದೂ ಬೆರಳ ಗೆರೆ ಸವೆದುಹೋದವರನ್ನು ಯಂತ್ರ ಯಾರೆಂದು ಕೇಳುತ್ತದೆ. ಕೈಕೆಲಸದ ಕಾಲಕ್ಕೂ ಯಂತ್ರದ ಕಾಲಕ್ಕೂ ನಡುವೆ ನಿಂತವರ ಪಾಡನ್ನು ಇದಕ್ಕಿಂತ ಬರಿದಾಗಿ ಹೇಳುವುದು ಹೇಗೆ? ಕಣ್ಣಿನ ಗುರುತು, ಮೊಬೈಲಿಗೆ ಬರುವ ಅಂಕಿ ಎಂದು ಬದಲಿ ದಾರಿಗಳು ಬಂದಿವೆ. ಆ ದಾರಿ ತೋರಿಸಲು ಅಂಗಡಿಯವನಿಗೆ ಎರಡು ನಿಮಿಷದ ವ್ಯವಧಾನ ಬೇಕು. ಆ ಎರಡು ನಿಮಿಷ ಯಾವ ಯಂತ್ರದಲ್ಲೂ ಅಡಕವಾಗಿ ಬರುವುದಿಲ್ಲ. 2025ರ ಜನವರಿಯಿಂದ ಆಂಧ್ರ ಸರಕಾರ ವಾಟ್ಸ್ಯಾಪಿನಲ್ಲೇ ನೂರಾರು ಸೇವೆಗಳನ್ನು ಕೊಡುತ್ತಿದೆ; ವಿಜಯವಾಡದ ಬೀದಿಯಲ್ಲಿ ಮಲ್ಲಿಗೆ ಮಾರುವವಳ ಬುಟ್ಟಿಗೂ ಕ್ಯೂಆರ್ ಚೀಟಿ ಅಂಟಿದೆ. ಎಳೆಯರಿಗೆ ಇದೆಲ್ಲ ನೀರು ಕುಡಿದಷ್ಟು ಸಲೀಸು. ಮನೆಯಲ್ಲಿ ಎಳೆಯರಿಲ್ಲದವರ ಗತಿಯನ್ನು ಕೇಳಬೇಕಾದವರು ಯಾರು ಎಂಬುದಷ್ಟೇ ಉಳಿದ ಪ್ರಶ್ನೆ.

ಈಗ ಕೃಷ್ಣೆಯ ದಡಕ್ಕೆ ಬರೋಣ. ವಿಜಯವಾಡದಲ್ಲಿ ನದಿಗೆ ಮೊದಲು ಅಡ್ಡಗಟ್ಟೆ ಬಿದ್ದದ್ದು 1852ರಿಂದ 1855ರೊಳಗೆ. ಆರ್ಥರ್ ಕಾಟನ್ನನ ಯೋಚನೆ, ಕ್ಯಾಪ್ಟನ್ ಆರ್‌ನ ನಿರ್ಮಾಣ. ನೂರು ವರ್ಷ ದಾಟಿದ ಮೇಲೆ ಅದರ ಬದಲಿಗೆ ಬಂದದ್ದು 1957ರಲ್ಲಿ ಮುಗಿದ, ಟಂಗುಟೂರಿ ಪ್ರಕಾಶಂ ಅವರ ಹೆಸರಿನ, 70 ಗೇಟುಗಳ ಬ್ಯಾರೇಜು. ಮೇಲ್ಭಾಗದಲ್ಲಿ, ನಮ್ಮ ಹೊಸಪೇಟೆಯ ಬಳಿ, 1953ರಲ್ಲಿ ಮುಗಿದ ತುಂಗಭದ್ರಾ ಅಣೆಕಟ್ಟೆಗೆ 33 ಗೇಟುಗಳು. ಆ ಕಾಲದ ಜನಕ್ಕೆ ಇವು ದೇವಸ್ಥಾನದಷ್ಟೇ ದೊಡ್ಡ ಬೆರಗು. ನಮ್ಮ ಕಾಲಕ್ಕೆ ಇವು ಅಲ್ಲಿ ಇವೆ ಎಂಬುದೇ ಮರೆತಷ್ಟು ಹಳತು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೆಯ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ತುಂಬಿನಿಂತಿದ್ದ ನೀರು, ಲಕ್ಷಾಂತರ ಎಕರೆಯ ಬೆಳೆಯ ಆಸೆ, ಹರಿದುಹೋಗತೊಡಗಿತು. ಹರಿಯುವ ನೀರಿನಲ್ಲೇ ಉಕ್ಕಿನ ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ಬಾಯಿ ಮುಚ್ಚಬೇಕು. ಸ್ಟಾಪ್‌ಲಾಗ್ ಎನ್ನುವುದು ಅದಕ್ಕೇ. ಯಾರು ಮಾಡಬಲ್ಲರು? ಹುಡುಕಿದಾಗ ಸಿಕ್ಕಿದ್ದು ಎಂಬತ್ತರ ಆಸುಪಾಸಿನ ಕನ್ನಯ್ಯ ನಾಯ್ಡು. ಚಿತ್ತೂರು ಕಡೆಯವರು, ಹೊಸಪೇಟೆಯ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಕಾರ್ಖಾನೆಯಲ್ಲಿ ಗೇಟುಗಳ ಕೆಲಸದಲ್ಲೇ ಪಳಗಿದವರು. ಅಣೆಕಟ್ಟೆಯ ಗೇಟು ಮಾಡುವುದನ್ನೇ ಕಸುಬಾಗಿಸಿಕೊಂಡಿದ್ದ ಆ ಸರಕಾರಿ ಕಾರ್ಖಾನೆಯನ್ನು ಮುಚ್ಚಲು 2015ರಲ್ಲೇ ತೀರ್ಮಾನವಾಗಿತ್ತು. ಲೆಕ್ಕಪುಸ್ತಕದ ಪ್ರಕಾರ ಅದು ಸರಿಯೇ ಇರಬಹುದು. ಆದರೆ ಕಾರ್ಖಾನೆ ಕಲಿತಿದ್ದದ್ದು ಅಷ್ಟು ಹೊತ್ತಿಗೆ ನಿವೃತ್ತರ ತಲೆಯಲ್ಲೂ ಕೈಯಲ್ಲೂ ಮಾತ್ರ ಉಳಿದಿತ್ತು. ಹತ್ತಿರದ ಕಾರ್ಖಾನೆಗಳಲ್ಲಿ ಹಲಗೆ ಸಿದ್ಧವಾಯಿತು. ಆಗಸ್ಟ್ 16ರಂದು ಮೊದಲನೆಯದು ಕೂತಿತು, ಮರುದಿನಕ್ಕೆ ಐದೂ ಕೂತವು.

ಒಂದು ತಿಂಗಳೂ ಆಗಿರಲಿಲ್ಲ. ಸೆಪ್ಟೆಂಬರ್ 1ರಿಂದ ವಿಜಯವಾಡ ಬುಡಮೇರು ಹಳ್ಳದ ನೆರೆಯಲ್ಲಿ ಮುಳುಗಿತು. ಮನೆಯ ಮಾಳಿಗೆಗಳಿಗೆ ಡ್ರೋನುಗಳು ಅನ್ನದ ಪೊಟ್ಟಣ ಇಳಿಸಿದವು. ಪ್ರಕಾಶಂ ಬ್ಯಾರೇಜಿನಲ್ಲಿ ಹರಿವು 11 ಲಕ್ಷ ಕ್ಯೂಸೆಕ್ಸ್ ದಾಟಿ, ಅದುವರೆಗಿನ ದಾಖಲೆ ಮುರಿಯಿತು. ಕಟ್ಟು ಕಿತ್ತುಕೊಂಡು ಬಂದ ಕಬ್ಬಿಣದ ದೋಣಿಗಳು ಗೇಟುಗಳಿಗೆ ಬಡಿದು, ಗೇಟನ್ನು ಸಮತೂಕದಲ್ಲಿಡುವ ಭಾರದ ಗುಂಡುಗಳು ಒಡೆದವು. ಅಲ್ಲಿಗೂ ಹೋದವರು ಅದೇ ನಾಯ್ಡು. ಹೊಸ ಭಾರಗಳು ಕೂತವು. ಸಿಕ್ಕಿಹಾಕಿಕೊಂಡ ದೋಣಿಗಳನ್ನು ದೊಡ್ಡ ಕ್ರೇನುಗಳು ಎತ್ತಲಾರದೆ ಹೋದಾಗ, ಮುಳುಗುಗಾರರು ನೀರಿನಡಿ ಇಳಿದರು. ಕೊನೆಗೆ ಎರಡು ದೋಣಿಗಳನ್ನು ಕಬ್ಬಿಣದ ತೊಲೆಗಳಿಂದ ಜೋಡಿಸಿ, ಚೈನು ಕಪ್ಪಿಯಿಂದ ಇಂಚಿಂಚಾಗಿ ಎತ್ತಿ ಎಳೆಯುವ, ಕಾಕಿನಾಡ ಕಡೆಯವರ ಉಪಾಯ ಫಲಿಸಿತು.

ಇಂಥ ಕಥೆ ಕೇಳಿದೊಡನೆ ನಮ್ಮ ಮನಸ್ಸು ಒಂದು ಸುಲಭದ ತೀರ್ಮಾನಕ್ಕೆ ಹಾರುತ್ತದೆ: ನೋಡಿ, ಯಂತ್ರ ಸೋತಿತು, ಮನುಷ್ಯನ ಕೈ ಗೆದ್ದಿತು! ಸ್ವಲ್ಪ ತಾಳೋಣ. ನಾಯ್ಡು ಅವರು ಯಂತ್ರಕ್ಕೆ ಎದುರು ನಿಂತವರಲ್ಲ, ಜೀವಮಾನವಿಡೀ ಯಂತ್ರದವರೇ. ಕ್ರೇನಿಲ್ಲದೆ ಆ ಹಲಗೆಗಳು ಇಳಿಯುತ್ತಿರಲಿಲ್ಲ, ವೆಲ್ಡಿಂಗ್ ಇಲ್ಲದೆ ಸಿದ್ಧವಾಗುತ್ತಿರಲಿಲ್ಲ. ಡ್ರೋನು ಅನ್ನ ಕೊಟ್ಟದ್ದೂ ಸುಳ್ಳಲ್ಲ. 2019ರಲ್ಲಿ ಗೋದಾವರಿಯ ಕಚ್ಚುಲೂರಿನ ಬಳಿ ಮುಳುಗಿದ ಪ್ರವಾಸಿ ದೋಣಿ ಎಲ್ಲಿದೆಯೆಂದು ಹುಡುಕಲು ಸೋನಾರ್ ಬೇಕಾಯಿತು, ಎಳೆದು ತರಲು ಕಾಕಿನಾಡದವರ ಹಗ್ಗ ಲಂಗರುಗಳು ಬೇಕಾದವು, ನೀರಿನಡಿ ಇಳಿಯಲು ವಿಶಾಖಪಟ್ಟಣದ ಮುಳುಗುಗಾರರು ಬೇಕಾದರು. ಇವುಗಳಲ್ಲಿ ಯಾವುದನ್ನು ಹಳತೆನ್ನೋಣ, ಯಾವುದನ್ನು ಹೊಸತೆನ್ನೋಣ?

ಹಾಗಾದರೆ ಗೆರೆ ಎಲ್ಲಿ ಬೀಳುತ್ತದೆ? ತನ್ನ ಸಾಧನದ ಒಳಗನ್ನು ಬಲ್ಲವನು ಮತ್ತು ಅದರ ಗುಂಡಿಯನ್ನಷ್ಟೇ ಬಲ್ಲವನು, ಇವರಿಬ್ಬರ ನಡುವೆ ಬೀಳುತ್ತದೆ ಎಂದು ತೋರುತ್ತದೆ. ತೆಪ್ಪ ಕಟ್ಟಿದವನಿಗೆ ತೆಪ್ಪದ ಒಳಗು ಗೊತ್ತಿತ್ತು. ಆದ್ದರಿಂದಲೇ ಫೈಬರಿಗೆ ಅದೇ ಆಕಾರ ಕೇಳಬಲ್ಲವನಾದ. ಗೇಟು ಮಾಡಿದವನಿಗೆ ಗೇಟಿನ ಒಳಗು ಗೊತ್ತಿತ್ತು. ಆದ್ದರಿಂದಲೇ ಅದು ಹೋದಾಗ ಏನು ಮಾಡಬೇಕೆಂದು ಹೇಳಬಲ್ಲವನಾದ. ತುಂಗಭದ್ರೆಯ ಗೇಟು 1953ರಲ್ಲಿ ಹೊಸ ತಂತ್ರಜ್ಞಾನವಾಗಿತ್ತು. 2024ರಲ್ಲಿ ಅದರ ಬಗೆಗಿನ ತಿಳಿವಳಿಕೆಯೇ ಅಳಿಯುತ್ತಿರುವ ಕೈಕೆಲಸವಾಗಿತ್ತು. ಇಂದು ನಾವು ಹೊಸತೆಂದು ಬೀಗುವ ಒಂದೊಂದೂ ಇದೇ ದಾರಿ ಹಿಡಿಯುತ್ತದೆ. ಅದನ್ನು ಬಿಚ್ಚಿ ಕಟ್ಟಬಲ್ಲ ಜನ ಒಂದು ತಲೆಮಾರಿನಲ್ಲಿ ಹತ್ತು ಸಾವಿರ, ಮುಂದಿನದರಲ್ಲಿ ನೂರು, ಆಮೇಲೆ ಚಿತ್ತೂರು ಕಡೆಯ ಒಬ್ಬ ಹಿರಿಯರು.

ಈ ಬೆಳಕಿನಲ್ಲಿ ಮಸೂಲ ದೋಣಿಯವರನ್ನೂ ರಂಪಣಿಯ ಮುದುಕನನ್ನೂ ಮತ್ತೆ ನೆನೆದರೆ, ಅವರಿಗೆ ಆದ ಅನ್ಯಾಯ ಕೆಲಸ ಹೋದದ್ದಷ್ಟರಲ್ಲೇ ಮುಗಿಯುವುದಿಲ್ಲ. ಬಂದರು ಕಟ್ಟುವಾಗ, ಬೋಟು ತರಿಸುವಾಗ, ಅವರನ್ನು ಯಾರೂ ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಬಂದರು ನಿಲ್ಲುತ್ತಿರಲಿಲ್ಲ, ನಿಲ್ಲಬೇಕಾಗಿಯೂ ಇರಲಿಲ್ಲ. ಆದರೆ ಅವರು ಬಲ್ಲದ್ದು ಸ್ವಲ್ಪವಾದರೂ ಅದರೊಳಗೆ ಸೇರುತ್ತಿತ್ತು, ಅವರೂ ಸೇರುತ್ತಿದ್ದರೋ ಏನೋ. ಹೊಂದಿಕೊಳ್ಳುವುದಕ್ಕೂ ಕಾಲಾವಕಾಶ ಬೇಕು, ಕೈಯಲ್ಲಿ ಒಂದಿಷ್ಟು ಹಣ ಬೇಕು, ಒಮ್ಮೆ ಕೆಡಿಸಿ ಮತ್ತೆ ಮಾಡುವ ಸಲುಗೆ ಬೇಕು. ಇವು ಇದ್ದವರನ್ನು ಹೊಗಳಿ, ಇಲ್ಲದವರನ್ನು ಹಿಂದುಳಿದವರೆಂದು ಕರೆಯುವುದು ನಮಗೆ ರೂಢಿಯಾಗಿಬಿಟ್ಟಿದೆ.

ತುಂಗಭದ್ರೆಗೆ ಮತ್ತೆ ಮಳೆ ಬಂತು, ಅದೇ ಸೆಪ್ಟೆಂಬರಿನಲ್ಲಿ ಬಾಗಿನವೂ ಆಯಿತು. ಮರುವರ್ಷ, ಹಳೆಯ ಗೇಟುಗಳನ್ನು ನಂಬಲಾಗದೆ, 105 ಟಿಎಂಸಿ ಹಿಡಿಯುವ ಕಡೆ 80ಕ್ಕೇ ನಿಲ್ಲಿಸಬೇಕಾಯಿತು. 33 ಗೇಟುಗಳನ್ನೂ ಹೊಸದಾಗಿ ಕೂರಿಸುವ ತೀರ್ಮಾನವಾಗಿದೆ. ಹೊಸ ಗೇಟುಗಳಿಗೆ ಹೊಸ ನಿಯಂತ್ರಣ ವ್ಯವಸ್ಥೆ, ಪರದೆ, ಸಂವೇದಕ ಏನೇ ಬಂದರೂ ಸಂತೋಷವೇ, ಬರಲಿ. ನಮಗೆ ತಿಳಿಯಬೇಕೆನಿಸುವುದು ಬೇರೆ. ಅವನ್ನು ಕೂರಿಸುವಾಗ ಪಕ್ಕದಲ್ಲಿ ನಿಂತು ನೋಡಲು ಹೊಸಪೇಟೆ, ಕೊಪ್ಪಳ, ಬಳ್ಳಾರಿಯ ಐಟಿಐಗಳಿಂದ ಎಷ್ಟು ಹುಡುಗ ಹುಡುಗಿಯರನ್ನು ಕರೆದಿದ್ದಾರೆ? ಚೈನಿನ ಕೊಂಡಿಗಳನ್ನು ಕೈಯಿಂದ ಮುಟ್ಟಿ ನೋಡುವ ಕೆಲಸ ಕಾಯಂ ನೌಕರನದೋ, ವರ್ಷಕ್ಕೊಮ್ಮೆ ಬದಲಾಗುವ ಗುತ್ತಿಗೆಯದೋ? ಕರೆಂಟು ಹೋದ ರಾತ್ರಿ ಗೇಟನ್ನು ಕೈಯಿಂದ ಎತ್ತುವುದು ಹೇಗೆಂದು ಅವರಲ್ಲಿ ಯಾರಿಗಾದರೂ ಎತ್ತಿಸಿಯೇ ಕಲಿಸುತ್ತಾರೆಯೇ, ಟೆಂಡರಿನ ಕಾಗದದಲ್ಲಿ ಅದಕ್ಕೊಂದು ಸಾಲು ಇದೆಯೇ?